ಭಾಗವತ, ದಾಳ ಮತ್ತು ಗಣಕ: ಪಾತ್ರಧಾರಿ ಆಟಗಳ ಐವತ್ತು ವರ್ಷ

ಗೋಕಾಕ ಜಲಪಾತದ ಸಮೀಪದ ಕೊಣ್ಣೂರಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಕಾಕಾ ತನ್ನ ಗಣಕದಲ್ಲಿ ಒಂದು ಹಳೆಯ ಆಟ ತೆರೆದಿದ್ದಾನೆ. ಕಪ್ಪು ತೆರೆಯ ಮೇಲೆ ಬಿಳಿ ಗೆರೆಗಳಷ್ಟೇ ಇವೆ. ಅವೇ ಗೋಡೆ, ಅವೇ ಬಾಗಿಲು. ಪಕ್ಕದಲ್ಲಿ ಕುಳಿತ ಹುಡುಗ ನಗುತ್ತಾನೆ: "ಕಾಕಾ, ಇದೂ ಒಂದ ಆಟ ಏನು? ಬರೇ ಗೆರಿ ಅದಾವಲ್ಲ!" ಆಮೇಲೆ ಹುಡುಗ ತನ್ನ ಹೊಸ ಆಟ ತೋರಿಸುತ್ತಾನೆ. ಅಲ್ಲಿ ಹುಲ್ಲು ಗಾಳಿಗೆ ಬಾಗುತ್ತದೆ, ಕುದುರೆಯ ನೆರಳು ನೀರಿನಲ್ಲಿ ಬೀಳುತ್ತದೆ. ಕಾಕಾ ನೋಡಿ ಹೇಳುತ್ತಾನೆ: "ಚಿತ್ರ ಭಾಳ ಚಂದ ಐತಪಾ. ಆದ್ರ ಇದರಾಗ ನೀ ಏನ ಮಾಡ್ತಿ? ಬಾಣದ ಗುರುತು ತೋರಿಸಿದ ಕಡೆ ಹೋಗೂದು, ಅಷ್ಟ."

ಇಬ್ಬರಲ್ಲಿ ಯಾರ ಮಾತು ಸರಿ? ಇಬ್ಬರೂ ತಮ್ಮ ತಮ್ಮ ಬಾಲ್ಯದ ಪರವಾಗಿ ವಾದಿಸುತ್ತಿದ್ದಾರೆ ಎಂದು ನೀವು ನಗಬಹುದು. ಆದರೆ ಈ ಪ್ರಶ್ನೆಯನ್ನು ಅಳತೆಗೋಲು ಹಿಡಿದು ಪರಿಶೀಲಿಸಲು ಸಾಧ್ಯವಿದೆ. ಅದಕ್ಕೆ ಮೊದಲು ಇಂತಹ ಆಟಗಳು ಎಲ್ಲಿಂದ ಬಂದವು, ಗಣಕದ ಯಾವ ಮಿತಿಯೊಳಗೆ ಬೆಳೆದವು ಎಂಬುದನ್ನು ತಿಳಿಯಬೇಕು.

ಪಾತ್ರ ವಹಿಸುವುದೆಂದರೆ

ಪಾತ್ರ ವಹಿಸುವುದು ಈ ಸೀಮೆಯವರಿಗೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಊರೂರಿಗೆ ಒಯ್ದ ಕುಲಗೋಡ ತಮ್ಮಣ್ಣ ಮೂಡಲಗಿ ಕಡೆಯ ಕುಲಗೋಡದವರು. ಆ ಆಟದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮನವರೂ ಇದೇ ಸೀಮೆಯವರು. ಪಾರಿಜಾತ ನೋಡಿದವರಿಗೆ ಒಂದು ಸಂಗತಿ ಗೊತ್ತು. ಹಾಡುಗಳು ಮೊದಲೇ ಕಟ್ಟಿದವು. ಆದರೆ ಮಾತು ಬಹಳಷ್ಟು ಆ ಕ್ಷಣಕ್ಕೆ ಹುಟ್ಟುವುದು. ರಂಗಕ್ಕೆ ಬಂದ ಪಾತ್ರವನ್ನು ಭಾಗವತ ಮಾತಿಗೆ ಎಳೆಯುತ್ತಾನೆ, ಕೆಣಕುತ್ತಾನೆ. ಸತ್ಯಭಾಮೆ ಏನು ಉತ್ತರ ಕೊಟ್ಟಳೋ ಅದಕ್ಕೆ ತಕ್ಕಂತೆ ಮುಂದಿನ ಪ್ರಶ್ನೆ ಬರುತ್ತದೆ. ಕಥೆಯ ದಾರಿ ಒಂದೇ, ಆದರೆ ನಡಿಗೆ ಪ್ರತಿರಾತ್ರಿ ಬೇರೆ. ಈ ಭಾಗವತನನ್ನು ನೆನಪಿನಲ್ಲಿಡಿ. ಲೇಖನದ ಕೊನೆಯವರೆಗೂ ಅವನ ಅಗತ್ಯವಿದೆ.

ಪಾತ್ರಧಾರಿ ಆಟದ ಇನ್ನೊಂದು ಬೇರು ಗೊಂಬೆಗಳಲ್ಲಿದೆ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬಾತ ನಕ್ಷೆಯ ಮೇಲೆ ತುಕಡಿಗಳನ್ನಿಟ್ಟು, ದಾಳ ಉರುಳಿಸಿ, ನಡುವೆ ಒಬ್ಬ ನಿರ್ಣಾಯಕನನ್ನು ಕೂರಿಸಿ ಆಡುವ ಯುದ್ಧದಾಟವನ್ನು ರೂಪಿಸಿದ. ಅಧಿಕಾರಿಗಳ ತರಬೇತಿಗೆಂದು ಹುಟ್ಟಿದ ಈ ಬಗೆಯ ಆಟ ಮುಂದೆ ಹವ್ಯಾಸವಾಯಿತು. ಗೋಕಾಕದ ಬಣ್ಣದ ಮರದ ಗೊಂಬೆಗಳಂತೆ, ಅಮೆರಿಕದ ಹವ್ಯಾಸಿಗಳು ಲೋಹದ ಪುಟ್ಟ ಸೈನಿಕರನ್ನು ಮೇಜಿನ ಮೇಲೆ ಜೋಡಿಸಿ ಆಡುತ್ತಿದ್ದರು. 1971ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಜೆಫ್ ಪೆರೆನ್ ಹೊರತಂದ 'ಚೈನ್‌ಮೇಲ್' ಎಂಬ ನಿಯಮ ಪುಸ್ತಕದ ಕೊನೆಯಲ್ಲಿ ಮಾಂತ್ರಿಕರು ಮತ್ತು ಡ್ರ್ಯಾಗನ್‌ಗಳಿಗೂ ನಿಯಮಗಳಿದ್ದವು. ಡೇವ್ ಆರ್ನೆಸನ್ ಇನ್ನೊಂದು ಹೆಜ್ಜೆ ಇಟ್ಟ. ಒಬ್ಬ ಆಟಗಾರನಿಗೆ ಒಂದು ಸೇನೆಯ ಬದಲು ಒಂದೇ ಗೊಂಬೆ, ಅಂದರೆ ಒಬ್ಬನೇ ವ್ಯಕ್ತಿ. ಆ ವ್ಯಕ್ತಿ ಗೆದ್ದರೆ ಬಲಿಯುತ್ತಾನೆ, ಸೋತರೆ ಸಾಯುತ್ತಾನೆ. ಗೈಗಾಕ್ಸ್ ಮತ್ತು ಆರ್ನೆಸನ್ ಸೇರಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಟಿಸಿದರು. ಮೂರು ಕಿರುಪುಸ್ತಕಗಳು, ಮೊದಲ ಮುದ್ರಣ 1000 ಪ್ರತಿ.

ಈ ಆಟಕ್ಕೆ ಪಟ ಬೇಕಿಲ್ಲ. ಒಬ್ಬ ಸೂತ್ರಧಾರ ಕತ್ತಲ ಗುಹೆಯನ್ನು ಮಾತಿನಲ್ಲಿ ಕಟ್ಟುತ್ತಾನೆ. ಉಳಿದವರು ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಫಲವನ್ನು ದಾಳ ನಿರ್ಧರಿಸುತ್ತದೆ. ಪ್ರತಿ ಪಾತ್ರಕ್ಕೂ ಬಲ, ಬುದ್ಧಿ, ಚುರುಕುತನ ಮೊದಲಾದ ಆರು ಗುಣಗಳು. ಪ್ರತಿ ಗುಣಕ್ಕೂ ಒಂದು ಸಂಖ್ಯೆ. ಗಾಯವಾದರೆ ಕಳೆಯಲು ಪ್ರಾಣಾಂಕ, ಕಲಿತರೆ ಕೂಡಲು ಅನುಭವಾಂಕ. ಇಂದು ನಿಮ್ಮ ಮಗ ಆಡುವ ಹೆಚ್ಚುಕಡಿಮೆ ಎಲ್ಲ ಪಾತ್ರಧಾರಿ ಆಟಗಳಲ್ಲೂ ಈ ಸಂಖ್ಯೆಗಳೇ ಒಳಗೆ ಕುಳಿತಿವೆ.

ಕವಡೆಯ ಲೆಕ್ಕ

ದಾಳದ ಗಣಿತ ಅರಿಯಲು ಮನೆಯ ಕವಡೆಗಳೇ ಸಾಕು. ಚೌಕಾಬಾರದಲ್ಲಿ ನಾಲ್ಕು ಕವಡೆ ಎಸೆಯುತ್ತೇವೆ. ಪ್ರತಿ ಕವಡೆಯೂ ಮೇಲ್ಮುಖ ಅಥವಾ ಕೆಳಮುಖವಾಗಿ ಸಮಸಾಧ್ಯತೆಯಿಂದ ಬೀಳುತ್ತದೆ ಎಂದಿಟ್ಟುಕೊಂಡರೆ ಒಟ್ಟು 2×2×2×2 = 16 ಬಗೆಗಳಿವೆ. ಅವುಗಳಲ್ಲಿ ಎರಡು ಕವಡೆ ಮೇಲ್ಮುಖವಾಗುವ ಬಗೆಗಳು 6. ನಾಲ್ಕೂ ಮೇಲ್ಮುಖವಾಗುವ ಬಗೆ ಒಂದೇ ಒಂದು. ಆದ್ದರಿಂದಲೇ ಎರಡು ಪದೇ ಪದೇ ಬೀಳುತ್ತದೆ, ನಾಲ್ಕಕ್ಕೂ ಎಂಟಕ್ಕೂ ಕಾಯಬೇಕಾಗುತ್ತದೆ. ನಿಜವಾದ ಕವಡೆಯ ಎರಡು ಮಗ್ಗುಲು ಒಂದೇ ಆಕಾರದವಲ್ಲವಾದ್ದರಿಂದ ಅನುಭವದಲ್ಲಿ ಈ ಲೆಕ್ಕ ತುಸು ಆಚೀಚೆಯಾಗುತ್ತದೆ.

1974ರ ಆಟದಲ್ಲಿ ಗುಣಾಂಕಕ್ಕಾಗಿ ಮೂರು ಆರು-ಮುಖದ ದಾಳಗಳನ್ನು ಉರುಳಿಸಿ ಕೂಡುತ್ತಿದ್ದರು. ಒಟ್ಟು ಬಗೆಗಳು 216. ಅವುಗಳಲ್ಲಿ 18 ಬರುವ ಬಗೆ ಒಂದೇ; 10 ಅಥವಾ 11 ಬರುವ ಬಗೆಗಳು 54, ಅಂದರೆ ಕಾಲುಭಾಗ. ಸಾಮಾನ್ಯರು ಹೆಚ್ಚು, ಅಸಾಮಾನ್ಯರು ವಿರಳ ಎಂಬ ಲೋಕದ ನಿಯಮ ಮೂರು ದಾಳಗಳಲ್ಲೇ ಅಡಗಿದೆ. ಹೊಡೆತ ತಗುಲಿತೇ ಇಲ್ಲವೇ ಎಂದು ತಿಳಿಯಲು ಮಾತ್ರ ಇಪ್ಪತ್ತು ಮುಖದ ಒಂದೇ ದಾಳ ಬಳಕೆಗೆ ಬಂತು. ಅಲ್ಲಿ ಪ್ರತಿ ಸಂಖ್ಯೆಗೂ ಸಮಪಾಲು, ಶೇಕಡಾ 5. ಮುಖ್ಯವಾದ ಮಾತೆಂದರೆ, ಈ ದಾಳ ಎಲ್ಲರ ಕಣ್ಣೆದುರಿಗೇ ಉರುಳುತ್ತಿತ್ತು.

ಗಣಕದ ಹೊಸ್ತಿಲು ದಾಟಿದ ಆಟ

ಪುಸ್ತಕ ಬಂದ ಒಂದೇ ವರ್ಷಕ್ಕೆ ಆಟ ಗಣಕವನ್ನು ಹೊಕ್ಕಿತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಕಲಿಸಲೆಂದು ಕಟ್ಟಿದ್ದ 'ಪ್ಲೇಟೋ' ಎಂಬ ಗಣಕಜಾಲವಿತ್ತು. ಅದರ ಕಿತ್ತಳೆ ಬಣ್ಣದ ಪ್ಲಾಸ್ಮಾ ತೆರೆಯಲ್ಲಿ 512×512 ಚುಕ್ಕೆಗಳು. 1975ರಲ್ಲಿ ರಸ್ಟಿ ರುದರ್‌ಫೋರ್ಡ್ ಅಲ್ಲಿ ಒಂದು ಗುಹೆಯಾಟ ಬರೆದು, ಯಾರಿಗೂ ಅನುಮಾನ ಬಾರದಿರಲೆಂದು ಪಾಠದ ಕಡತಕ್ಕೆ ಇಡುವಂತಹ 'ಪೆಡಿಟ್5' ಎಂಬ ಹೆಸರಿಟ್ಟ. ಮೇಲ್ವಿಚಾರಕರು ಅದನ್ನು ಅಳಿಸಿದರು. ಆಟ ಮತ್ತೆ ಬಂತು. ಅದೇ ವರ್ಷ ಅದೇ ಜಾಲದಲ್ಲಿ 'ಡಿಎನ್‌ಡಿ' ಎಂಬ ಇನ್ನೊಂದು ಆಟವೂ ಹುಟ್ಟಿತು.

1980ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಕ್‌ಮನ್ ಬರೆದ 'ರೋಗ್' ಇನ್ನೂ ಜಾಣತನದ್ದು. ಅದರಲ್ಲಿ ಚಿತ್ರವೇ ಇಲ್ಲ. ಇ-ಮೇಲ್ ವಿಳಾಸದ ನಡುವೆ ಬರುವ 'ಅಟ್' ಚಿಹ್ನೆಯೇ ನಾಯಕ. ಇಂಗ್ಲಿಷಿನ ದೊಡ್ಡಕ್ಷರಗಳೇ ರಾಕ್ಷಸರು. ಆದರೆ ಪ್ರತಿ ಸಲ ಆಡಿದಾಗಲೂ ಗುಹೆ ಹೊಸದು. ಇದು ಹೇಗೆ ಸಾಧ್ಯ? ಗಣಕಕ್ಕೆ ದಾಳವಿಲ್ಲ, ಅದು ಲೆಕ್ಕ ಮಾಡಿ ದಾಳದಂತೆ ತೋರುವ ಸಂಖ್ಯೆಗಳನ್ನು ಹುಟ್ಟಿಸುತ್ತದೆ.

ನೀವೇ ಮಾಡಿ ನೋಡಿ. ಒಂದು ಸಂಖ್ಯೆ ತೆಗೆದುಕೊಳ್ಳಿ, 5ರಿಂದ ಗುಣಿಸಿ, 3 ಕೂಡಿ, 16ರಿಂದ ಭಾಗಿಸಿ ಶೇಷವನ್ನು ಉಳಿಸಿಕೊಳ್ಳಿ. 7ರಿಂದ ಹೊರಟರೆ 6, 1, 8, 11, 10 ಎಂದು ಸಾಗುತ್ತದೆ. ಹದಿನಾರು ಹೆಜ್ಜೆಗಳಲ್ಲಿ 0ಯಿಂದ 15ರವರೆಗಿನ ಎಲ್ಲ ಸಂಖ್ಯೆಗಳೂ ಒಂದೊಂದು ಸಲ ಬಂದು ಮತ್ತೆ 7ಕ್ಕೆ ಮರಳುತ್ತದೆ. ನಿಯಮ ತಿಳಿಯದವರಿಗೆ ಇದು ಯಾದೃಚ್ಛಿಕ. ತಿಳಿದವರಿಗೆ ಗಡಿಯಾರದಷ್ಟು ನಿಶ್ಚಿತ. ಆಟಗಳು 16ರ ಬದಲು ಬಹಳ ದೊಡ್ಡ ಸಂಖ್ಯೆ ಬಳಸುತ್ತವೆ. ಒಂದು 'ಬೀಜಸಂಖ್ಯೆ' ಬಿತ್ತಿದರೆ ಒಂದು ಇಡೀ ಗುಹೆ ಬೆಳೆಯುತ್ತದೆ. ಗುಹೆಯ ನಕ್ಷೆಯನ್ನು ಸ್ಮೃತಿಯಲ್ಲಿ ತುಂಬಿಡಬೇಕಿಲ್ಲ. ಬೀಜ ಮತ್ತು ನಿಯಮ ಇದ್ದರೆ ಸಾಕು.

140 ಕಿಲೋಬೈಟಿನ ಲೋಕ

ಮನೆಯ ಗಣಕಗಳಿಗೆ ಈ ಆಟಗಳು ಬಂದದ್ದು ಆಪಲ್ 2ರ ಕಾಲದಲ್ಲಿ. 1981ರಲ್ಲಿ ಎರಡು ಮುಖ್ಯ ಆಟಗಳು ಬಂದವು. ಒಂದು, ರಿಚರ್ಡ್ ಗ್ಯಾರಿಯಟ್‌ನ 'ಅಲ್ಟಿಮಾ'. ಇನ್ನೊಂದು, ಕಾರ್ನೆಲ್ ವಿದ್ಯಾರ್ಥಿಗಳಾದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಬರೆದ 'ವಿಝರ್ಡ್ರಿ'. ಕಾಕಾನ ತೆರೆಯ ಮೇಲಿನ ಬಿಳಿ ಗೆರೆಗಳು ಇದೇ ಬಗೆಯವು.

ವಿಝರ್ಡ್ರಿ ಕೇಳುತ್ತಿದ್ದುದು 48 ಕಿಲೋಬೈಟ್ ಸ್ಮೃತಿ. ಅದು ಕುಳಿತದ್ದು ಸುಮಾರು 140 ಕಿಲೋಬೈಟ್ ಹಿಡಿಸುವ ಫ್ಲಾಪಿಯಲ್ಲಿ. ಅಷ್ಟರಲ್ಲಿ ಹತ್ತು ಅಂತಸ್ತಿನ ಪಾತಾಳ. ಪ್ರತಿ ಅಂತಸ್ತು 20×20 ಮನೆಗಳದು, ಒಟ್ಟು 4000 ಮನೆಗಳು. ದಾರಿ ತೋರುವ ನಕ್ಷೆ ಆಟದಲ್ಲಿರಲಿಲ್ಲ. ಆಟಗಾರ ಗಣಿತದ ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ತಾನೇ ನಕ್ಷೆ ಬರೆಯಬೇಕಿತ್ತು. ಪಾತ್ರ ಸತ್ತರೆ ಫ್ಲಾಪಿಯಲ್ಲಿ ಅದು ದಾಖಲಾಗುತ್ತಿತ್ತು; ದೇಗುಲದಲ್ಲಿ ಬದುಕಿಸಲು ಹೋಗಿ ಬೂದಿಯಾದರೆ ವಾರಗಟ್ಟಲೆಯ ಶ್ರಮ ಹೋದಂತೆಯೇ.

ಇಲ್ಲಿ ಒಂದು ಸೂತ್ರ ಕಾಣುತ್ತದೆ. ಗಣಕಕ್ಕೆ ಹೊರಲಾಗದ ಭಾರವನ್ನು ಆಟಗಾರನೇ ಹೊರುತ್ತಿದ್ದ. ಚಿತ್ರವನ್ನು ಅವನ ಕಲ್ಪನೆ, ನಕ್ಷೆಯನ್ನು ಅವನ ಹಾಳೆ, ಕಥೆಯನ್ನು ಮುದ್ರಿತ ಪುಸ್ತಿಕೆ ಹೊರುತ್ತಿದ್ದವು. 1988ರ 'ಪೂಲ್ ಆಫ್ ರೇಡಿಯನ್ಸ್' ಆಡುವಾಗ "ಇಂತಿಷ್ಟನೆಯ ಟಿಪ್ಪಣಿ ಓದಿ" ಎಂದು ತೆರೆಯ ಮೇಲೆ ಬರುತ್ತಿತ್ತು. ಆಟಗಾರ ಪೆಟ್ಟಿಗೆಯಲ್ಲಿದ್ದ ಪುಸ್ತಿಕೆ ತೆರೆದು ಓದಬೇಕಿತ್ತು. ಮುಂದಿನದನ್ನು ಕದ್ದು ಓದುವವರಿಗಾಗಿ ಸುಳ್ಳು ಟಿಪ್ಪಣಿಗಳೂ ಅದರಲ್ಲಿದ್ದವು!

ಹೊರುವ ಈ ಕೆಲಸವನ್ನು ಕೆಲವರು ಅನಿವಾರ್ಯ ಕಷ್ಟವೆಂದು ಬಗೆದರೆ, ಕೆಲವರು ಅದೇ ಆಟದ ಸುಖವೆಂದರು. ಕಾಕಾ ಎರಡನೆಯ ಪಂಗಡದವನು. ಅವನಿಗೆ ಆ ಗುಹೆ ಗೊತ್ತು, ಏಕೆಂದರೆ ಅದನ್ನು ಅವನೇ ಬರೆದಿದ್ದಾನೆ.

ಇಪ್ಪತ್ತು ಅಕ್ಷರಗಳ ಮಂತ್ರ

ಮಿತಿಯೊಳಗಿನ ಜಾಣ್ಮೆಗೆ ಇನ್ನೊಂದು ನಿದರ್ಶನ ಜಪಾನಿನದು. ಅಲ್ಟಿಮಾ ಮತ್ತು ವಿಝರ್ಡ್ರಿಗಳನ್ನು ಮೆಚ್ಚಿದ ಯೂಜಿ ಹೋರೀ 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ರೂಪಿಸಿದರು. ಇಡೀ ಆಟ 64 ಕಿಲೋಬೈಟಿನ ಡಬ್ಬಿಯಲ್ಲಿತ್ತು. ಜಾಗ ಉಳಿಸಲು ಜಪಾನಿನ ಕಟಕನ ಲಿಪಿಯ ಕೆಲವೇ ಅಕ್ಷರಗಳನ್ನು ಇಟ್ಟುಕೊಂಡು, ರಾಕ್ಷಸರ ಹೆಸರುಗಳನ್ನು ಅಷ್ಟರಲ್ಲೇ ಹೊಂದಿಸಿದರು.

ಆ ಡಬ್ಬಿಯಲ್ಲಿ ಆಟದ ಸ್ಥಿತಿಯನ್ನು ಉಳಿಸುವ ಸೌಲಭ್ಯವಿರಲಿಲ್ಲ. ಹಾಗಾದರೆ ನಾಳೆ ಎಲ್ಲಿಂದ ಮುಂದುವರಿಸುವುದು? ಆಟ ನಿಲ್ಲಿಸುವಾಗ ರಾಜನು 20 ಅಕ್ಷರಗಳ 'ಪುನರುಜ್ಜೀವನ ಮಂತ್ರ' ಹೇಳುತ್ತಿದ್ದ. ಅದನ್ನು ಬರೆದಿಟ್ಟುಕೊಂಡು ಮರುದಿನ ಒತ್ತಿದರೆ ಆಟ ಅಲ್ಲಿಂದಲೇ ತೆರೆಯುತ್ತಿತ್ತು. ಲೆಕ್ಕ ನೋಡಿ. ಬಳಸಿದ್ದು 64 ಅಕ್ಷರಗಳು. 64 ಎಂದರೆ 2ರ 6ನೆಯ ಘಾತ; ಆದ್ದರಿಂದ ಒಂದು ಅಕ್ಷರದಲ್ಲಿ 6 ಬಿಟ್. ಇಪ್ಪತ್ತಕ್ಕೆ 120 ಬಿಟ್, ಅಂದರೆ ಬರೀ 15 ಬೈಟ್. ಅದರಲ್ಲಿ ಅನುಭವಾಂಕಕ್ಕೆ 16 ಬಿಟ್, ಹಣಕ್ಕೆ 16 ಬಿಟ್. 16 ಬಿಟ್‌ಗಳಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 65,535. ಆಟದಲ್ಲಿ ಕೂಡಿಡಬಹುದಾದ ಗರಿಷ್ಠ ಹಣವೂ ಅಷ್ಟೇ! ಉಳಿದ ಬಿಟ್‌ಗಳಲ್ಲಿ ಹೆಸರು, ಆಯುಧ, ಸಾಮಾನು. ಕೊನೆಯಲ್ಲಿ ತಾಳೆ ನೋಡಲು ಕೆಲವು ಬಿಟ್. ಒಂದಕ್ಷರ ತಪ್ಪಿದರೂ ಮಂತ್ರ ಫಲಿಸದು.

ನಮ್ಮ ಕಾಗುಣಿತದಲ್ಲೂ ಇಂತಹ ಮಂತ್ರ ಕಟ್ಟಬಹುದು. 16 ವ್ಯಂಜನ, 4 ಸ್ವರ ಆರಿಸಿಕೊಂಡರೆ 64 ಅಕ್ಷರಗಳಾಗುತ್ತವೆ. ಪ್ರಯತ್ನಿಸಿ ನೋಡಿ.

ಭಾರ ಗಣಕದ ಹೆಗಲಿಗೆ

1990ರ ದಶಕದಲ್ಲಿ ಸಿ.ಡಿ. ಬಂತು. ಒಂದರಲ್ಲಿ ಸುಮಾರು 650 ಮೆಗಾಬೈಟ್. 1998ರಲ್ಲಿ ಕೆನಡದ ಬಯೋವೇರ್ ಹೊರತಂದ 'ಬಾಲ್ಡರ್ಸ್ ಗೇಟ್' ಐದು ಸಿ.ಡಿ.ಗಳಲ್ಲಿ ಬಂತು, ವಿಝರ್ಡ್ರಿಯ ಫ್ಲಾಪಿಗಿಂತ ಸುಮಾರು 23 ಸಾವಿರ ಪಟ್ಟು ಜಾಗ. ಕೈಯಿಂದ ಬರೆದಂತಹ ಹಿನ್ನೆಲೆಗಳು, ಜೊತೆಗಾರರ ದನಿ, ತನ್ನಿಂತಾನೇ ತೆರೆದುಕೊಳ್ಳುವ ನಕ್ಷೆ ಅದರಲ್ಲಿದ್ದವು. ಚೌಕುಳಿ ಹಾಳೆಯ ಕಾಲ ಮುಗಿಯಿತು. ಅದಕ್ಕೆ ಎರಡು ವರ್ಷ ಮೊದಲು, 1996ರ ಕೊನೆಯ ದಿನ ಹೊರಬಂದ 'ಡಿಯಾಬ್ಲೊ' ಹಳೆಯ ರೋಗ್‌ನ ಗುಹೆಗೆ ವೇಗ ಕೊಟ್ಟಿತು. ಸರದಿಯಂತೆ ಯೋಚಿಸಿ ಆಡುವುದರ ಬದಲು ಕ್ಷಣಕ್ಷಣಕ್ಕೂ ಮೌಸ್ ಒತ್ತುವುದು ಬಂತು.

ನಂತರದ ಬದಲಾವಣೆಯನ್ನು 'ಎಲ್ಡರ್ ಸ್ಕ್ರೋಲ್ಸ್' ಸರಣಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. 1996ರ 'ಡ್ಯಾಗರ್‌ಫಾಲ್'ನಲ್ಲಿ ಸುಮಾರು 15 ಸಾವಿರ ಊರು, ಗುಹೆ, ಕೋಟೆಗಳು. ಅವುಗಳಲ್ಲಿ ಬಹುಪಾಲು ನಿಯಮಗಳಿಂದ ಗಣಕವೇ ಹುಟ್ಟಿಸಿದವು. 2002ರ 'ಮಾರೋವಿಂಡ್' ಇದಕ್ಕಿಂತ ಬಹಳ ಚಿಕ್ಕದು, ಆದರೆ ಕೈಯಿಂದ ಕಟ್ಟಿದ್ದು. ಅಲ್ಲಿ ದಾರಿ ಕೇಳಿದರೆ ಊರವರು ನಮ್ಮ ಹಳ್ಳಿಯವರಂತೆಯೇ ಹೇಳುತ್ತಿದ್ದರು: ಹೊಳೆ ದಾಟಿ, ಬಂಡೆ ಬಂದಾಗ ಎಡಕ್ಕೆ ಹೊರಳಿ. ಆಟಗಾರ ಓದಿ, ನೆನಪಿಟ್ಟು, ದಾರಿ ತಪ್ಪಿ, ಮತ್ತೆ ಹುಡುಕಬೇಕಿತ್ತು. 2006ರ 'ಆಬ್ಲಿವಿಯನ್'ನಲ್ಲಿ ದಿಕ್ಸೂಚಿಯ ಮೇಲೆ ಗುರುತು ಬಂತು. ಅದೇ ಕಾಕಾ ಹೇಳಿದ ಬಾಣದ ಗುರುತು.

ಇದೇಕಾಯಿತು? ಸೋಮಾರಿತನದಿಂದಲ್ಲ. ಮಾರೋವಿಂಡ್‌ನ ಹೆಚ್ಚಿನ ಮಾತು ಬರಹದಲ್ಲಿತ್ತು. ಆಬ್ಲಿವಿಯನ್‌ನಲ್ಲಿ ಎಲ್ಲ ಮಾತಿಗೂ ದನಿ ಕೊಟ್ಟರು. ಬರಹದಲ್ಲಿ ಹತ್ತು ಸಾಲು ಹೆಚ್ಚಿಸಲು ಖರ್ಚಿಲ್ಲ. ದನಿಗಾದರೆ ನಟ, ಸ್ಟುಡಿಯೋ, ಸಮಯ ಎಲ್ಲವೂ ಬೇಕು. ಮಾತು ದುಬಾರಿಯಾದಾಗ ದಾರಿ ಹೇಳುವ ಕೆಲಸವನ್ನು ಒಂದು ಗುರುತಿಗೆ ಒಪ್ಪಿಸುವುದು ಸುಲಭ.

ಕವಲಿನ ಬೆಲೆ

ಈಗ ನಾವು ಮುಖ್ಯ ಪ್ರಶ್ನೆಗೆ ಬಂದಿದ್ದೇವೆ. ಪಾತ್ರಧಾರಿ ಆಟದ ಜೀವಾಳ ಆಟಗಾರನ ಆಯ್ಕೆ. ಕಥೆಯಲ್ಲಿ ಹತ್ತು ಕಡೆ ಎರಡೆರಡು ಆಯ್ಕೆ ಕೊಟ್ಟು, ಪ್ರತಿಯೊಂದೂ ಬೇರೆ ಕವಲಾಗಿಯೇ ಉಳಿಯಲಿ ಎಂದರೆ ಕೊನೆಗೆ 2ರ 10ನೆಯ ಘಾತ, ಅಂದರೆ 1024 ಕಥೆಗಳಾಗುತ್ತವೆ. ಇಪ್ಪತ್ತು ಕಡೆ ಕೊಟ್ಟರೆ ಹತ್ತು ಲಕ್ಷ ಮೀರುತ್ತವೆ. ಬರಹದಲ್ಲಿಯೇ ಇದು ಅಸಾಧ್ಯ. ಪ್ರತಿ ಕವಲಿಗೂ ದನಿ, ಮುಖಭಾವ, ದೃಶ್ಯ ಬೇಕೆಂದರೆ ಹೇಳುವುದೇ ಬೇಡ. ಆದ್ದರಿಂದ ಆಟ ಕಟ್ಟುವವರು ಕವಲುಗಳನ್ನು ಮುಂದೆ ಮತ್ತೆ ಒಂದೇ ದಾರಿಗೆ ಸೇರಿಸುತ್ತಾರೆ. ಚಿತ್ರ ಚೆಂದವಾದಷ್ಟೂ ಒಂದು ಕವಲಿನ ಬೆಲೆ ಏರುತ್ತದೆ. ಬೆಲೆ ಏರಿದಷ್ಟೂ ಕವಲು ಕಡಿಮೆಯಾಗುತ್ತದೆ. ಕಾಕಾನ ದೂರಿನಲ್ಲಿರುವ ನಿಜ ಇದೇ.

ಆದರೆ ಹುಡುಗನ ಕಡೆಗೂ ನ್ಯಾಯವಿದೆ. ವಿಝರ್ಡ್ರಿಯಲ್ಲಿ ಆಯ್ಕೆಗಳು ಬಹಳವೇನೂ ಇರಲಿಲ್ಲ. ಹೊಡೆ, ಓಡು, ಮಂತ್ರ ಹಾಕು, ಅಷ್ಟೇ. ನೈತಿಕ ಆಯ್ಕೆಯನ್ನೇ ಆಟದ ಹೂರಣವಾಗಿಸಿದ್ದು 1985ರ 'ಅಲ್ಟಿಮಾ 4'. ಅಲ್ಲಿ ಕೊಲ್ಲಬೇಕಾದ ದುಷ್ಟ ದೊರೆಯಿಲ್ಲ. ಎಂಟು ಸದ್ಗುಣಗಳನ್ನು ನಡೆಯಲ್ಲಿ ತೋರುವುದೇ ಗುರಿ. ಹಳೆಯದೆಲ್ಲ ಆಳವಾಗಿತ್ತು, ಹೊಸದೆಲ್ಲ ತೆಳು ಎಂಬುದು ಲೆಕ್ಕಕ್ಕೆ ನಿಲ್ಲದ ಮಾತು. 2011ರ 'ಡಾರ್ಕ್ ಸೋಲ್ಸ್' ಮತ್ತು 2022ರ 'ಎಲ್ಡನ್ ರಿಂಗ್' ಆಟಗಾರನಿಗೆ ದಾರಿ ಹೇಳದೆ, ಸೋಲಿನಿಂದಲೇ ಕಲಿಸುತ್ತವೆ. 2023ರಲ್ಲಿ ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ಹೊರತಂದ 'ಬಾಲ್ಡರ್ಸ್ ಗೇಟ್ 3' ಕವಲುಗಳ ಬೆಲೆಯನ್ನು ತೆತ್ತೇ ಕಟ್ಟಿದ ಆಟ. ನಟರ ದನಿ, ಚಲನೆಗಳನ್ನೆಲ್ಲ ಸೆರೆಹಿಡಿದು, ಒಂದೇ ಬಾಗಿಲನ್ನು ಹತ್ತು ಬಗೆಯಲ್ಲಿ ದಾಟಲು ಅವಕಾಶ ಕೊಟ್ಟಿದೆ. ಅದಕ್ಕೆ ಬೇಕೆಂದು ಹೇಳಿರುವ ಜಾಗ 150 ಗಿಗಾಬೈಟ್. ವಿಝರ್ಡ್ರಿ ಫ್ಲಾಪಿಯ ಸುಮಾರು 11 ಲಕ್ಷ ಪಟ್ಟು. ಆನಂದವೂ 11 ಲಕ್ಷ ಪಟ್ಟು ಹೆಚ್ಚಿತೇ ಎಂದು ಕೇಳಬೇಡಿ!

ಆ ಜಾಗ ಎಲ್ಲಿ ಹೋಗುತ್ತದೆ? 4096×4096 ಚುಕ್ಕೆಗಳ ಒಂದು ಚಿತ್ರಪದರಕ್ಕೆ, ಚುಕ್ಕೆಗೆ 4 ಬೈಟ್‌ನಂತೆ, ಸಂಕುಚಿಸದಿದ್ದರೆ 64 ಮೆಗಾಬೈಟ್ ಬೇಕು. ಕಲ್ಲುಗೋಡೆಯ ಇಂತಹ ಒಂದು ಚಿತ್ರದ ಜಾಗದಲ್ಲಿ ವಿಝರ್ಡ್ರಿಯಂತಹ ನಾಲ್ಕುನೂರಕ್ಕೂ ಹೆಚ್ಚು ಫ್ಲಾಪಿಗಳು ಹಿಡಿಸುತ್ತವೆ. ಗಾತ್ರ ಬೆಳೆದದ್ದು ಮುಖ್ಯವಾಗಿ ಚಿತ್ರ ಮತ್ತು ದನಿಯಿಂದ. ನಿಯಮಗಳು ಇಂದಿಗೂ ಹಗುರವೇ.

ದಾಳ ಯಾರ ಕೈಯಲ್ಲಿ?

ಬಾಲ್ಡರ್ಸ್ ಗೇಟ್ 3ರಲ್ಲಿ ಕಠಿಣ ಮಾತು ಆಡುವಾಗ, ಬೀಗ ಒಡೆಯುವಾಗ ಇಪ್ಪತ್ತು ಮುಖದ ದಾಳ ತೆರೆಯ ಮೇಲೆಯೇ ಉರುಳುತ್ತದೆ. 1974ರ ದಾಳ ಮತ್ತೆ ಕಣ್ಣೆದುರಿಗೆ ಬಂದಂತಾಯಿತು. ಅನುಕೂಲ ಸ್ಥಿತಿಯಲ್ಲಿ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. 11 ಅಥವಾ ಹೆಚ್ಚು ಬೇಕಾದಾಗ ಒಂದು ದಾಳದಲ್ಲಿ ಗೆಲ್ಲುವ ಸಾಧ್ಯತೆ ಶೇಕಡಾ 50. ಎರಡೂ ಸೋಲುವ ಸಾಧ್ಯತೆ 0.5×0.5 = 0.25 ಆದ್ದರಿಂದ ಗೆಲ್ಲುವ ಸಾಧ್ಯತೆ ಶೇಕಡಾ 75ಕ್ಕೆ ಏರುತ್ತದೆ. ಸಾಲುಸಾಲಾಗಿ ಸೋಲು ಬಾರದಂತೆ ದಾಳವನ್ನು ತುಸು ವಾಲಿಸುವ ಒಂದು ಏರ್ಪಾಡೂ ಆಟದಲ್ಲಿದೆ. ಅದನ್ನು ಬಚ್ಚಿಟ್ಟಿಲ್ಲ, ಬೇಡವೆಂದರೆ ಆರಿಸಬಹುದು.

ಎಲ್ಲ ಹೊಸ ಆಟಗಳ ದಾಳವೂ ಹೀಗಿಲ್ಲ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಹಲವು ಪಾತ್ರಧಾರಿ ಆಟಗಳಲ್ಲಿ ಹೊಸ ಪಾತ್ರ ಪಡೆಯಲು ಲಾಟರಿಯಂತೆ ಚೀಟಿ ಎತ್ತಬೇಕು. ಚೀಟಿಯನ್ನು ಹಣಕ್ಕೂ ಕೊಳ್ಳಬಹುದು. 2020ರಲ್ಲಿ ಚೀನದಿಂದ ಬಂದ 'ಗೆನ್‌ಶಿನ್ ಇಂಪ್ಯಾಕ್ಟ್' ಐದು ನಕ್ಷತ್ರದ ಪಾತ್ರಕ್ಕೆ ತಾನೇ ಪ್ರಕಟಿಸಿರುವ ಮೂಲ ಸಾಧ್ಯತೆ ಶೇಕಡಾ 0.6, ತೊಂಬತ್ತನೆಯ ಚೀಟಿಯೊಳಗೆ ಖಂಡಿತ ಎಂಬ ಭರವಸೆಯೂ ಇದೆ. ಒಂದು ಚೀಟಿಯಲ್ಲಿ ಸಿಗದಿರುವ ಸಾಧ್ಯತೆ 0.994. ಐವತ್ತು ಸಲವೂ ಸಿಗದಿರುವ ಸಾಧ್ಯತೆ 0.994ರ 50ನೆಯ ಘಾತ, ಅಂದರೆ ಸುಮಾರು 0.74. ನೂರು ಮಂದಿ ತಲಾ ಐವತ್ತು ಚೀಟಿ ಎತ್ತಿದರೆ ಸುಮಾರು 74 ಮಂದಿ ಬರಿಗೈಯಲ್ಲಿ ಉಳಿಯುತ್ತಾರೆ. ಹಣ ತೆತ್ತು ಎತ್ತುವ ಇಂತಹ ಪೆಟ್ಟಿಗೆಗಳು ಕೆಲವು ಆಟಗಳಲ್ಲಿ ಜೂಜಿಗೆ ಸಮವೆಂದು ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲಿ ತೀರ್ಮಾನಿಸಿತು.

ಹೊಸ ಆಟಕ್ಕೂ ಹಳೆಯ ಆಟಕ್ಕೂ ಇರುವ ನಿಜವಾದ ವ್ಯತ್ಯಾಸ ಚಿತ್ರದ್ದಲ್ಲ, ಇದು. ಹಳೆಯ ಆಟದ ದಾಳ ಕ್ರೂರವಾಗಿತ್ತು, ಆದರೆ ಅದಕ್ಕೆ ನಿಮ್ಮ ಕಿಸೆಯ ಮೇಲೆ ಕಣ್ಣಿರಲಿಲ್ಲ. ಪೆಟ್ಟಿಗೆಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಮಕ್ಕಳ ಕೈಗೆ ಮೊಬೈಲ್ ಕೊಡುವ ಪಾಲಕರು ಆಟದ ಹೆಸರು ಕೇಳುವುದಕ್ಕಿಂತ "ಇದರ ದಾಳ ಯಾರ ಕೈಯಲ್ಲಿದೆ, ಒಂದು ಎಸೆತಕ್ಕೆ ಎಷ್ಟು?" ಎಂದು ಕೇಳುವುದು ಲೇಸು. ಮೇಲಿನ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದರೆ ಇನ್ನೂ ಲೇಸು.

ಕನ್ನಡಕ್ಕೆ ಏನು?

ಇನ್ನೊಂದು ಕೊರತೆ ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಉಳಿದಿದೆ. ಈ ಲೇಖನದಲ್ಲಿ ಇಲ್ಲಿಯವರೆಗೆ ಹೆಸರಿಸಿದ ಯಾವ ಗಣಕ ಆಟವೂ ಅಧಿಕೃತವಾಗಿ ಕನ್ನಡದಲ್ಲಿ ಬಂದಿಲ್ಲ. ಕೊಣ್ಣೂರಿನ ಹುಡುಗ ಬಾಣದ ಗುರುತನ್ನು ನಂಬುವುದಕ್ಕೆ ಇದೂ ಒಂದು ಕಾರಣ: ಊರವರು ಹೇಳುವ ದಾರಿ ಅವನಿಗೆ ಅರ್ಥವಾಗುವ ಭಾಷೆಯಲ್ಲಿಲ್ಲ.

ಮೊದಲು ಇದಕ್ಕೆ ತಾಂತ್ರಿಕ ಅಡ್ಡಿಯಿತ್ತು. ಹಳೆಯ ಆಟದ ಡಬ್ಬಿಗಳಲ್ಲಿ ಒಂದು ಅಕ್ಷರಕ್ಕೆ 8×8 ಚುಕ್ಕೆಗಳ ಒಂದು ಚೌಕ. ಒಂದು ಸಂಕೇತಕ್ಕೆ ಒಂದೇ ಆಕಾರ. ಇಂಗ್ಲಿಷಿಗೂ ಜಪಾನಿನ ಕನ ಲಿಪಿಗೂ ಅಷ್ಟು ಸಾಕು. ನಮ್ಮ 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ ಆರು ಸಂಕೇತಗಳು. ಅವು ಕೂಡಿ ಮೇಲೆ, ಕೆಳಗೆ, ಬಲಕ್ಕೆ ಹರಡುವ ಆಕಾರ ಪಡೆಯಬೇಕು. 1991ರಲ್ಲಿ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳ ನೆಲೆ ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಅಕ್ಷರಶೈಲಿ ಬಂತು. ಈಗ 'ಹಾರ್ಫ್‌ಬಜ್' ಎಂಬ ಮುಕ್ತ ತಂತ್ರಾಂಶ ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಮಾಡುತ್ತದೆ. ಉಚಿತವಾಗಿ ಸಿಗುವ 'ಗೊಡೋ' ಎಂಬ ಆಟ ಕಟ್ಟುವ ಸಲಕರಣೆಯ ನಾಲ್ಕನೆಯ ಆವೃತ್ತಿಯಲ್ಲಿ ಅದು ಸೇರಿಕೊಂಡಿದೆ. ತಾಂತ್ರಿಕ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾದಂತೆಯೇ.

ಕೈಗಳೂ ನಮ್ಮಲ್ಲಿವೆ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಆಟ ನಿರ್ಮಾಣ ಸಂಸ್ಥೆಗಳಲ್ಲಿ ಒಂದು. ಅದು ಹೊರದೇಶದ ಆಟಗಳಿಗೆ ವರ್ಷಾನುಗಟ್ಟಲೆ ಚಿತ್ರಕೆಲಸ ಮಾಡಿಕೊಟ್ಟಿತು; 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡಿತು. ಪುಣೆಯ ಒಂದು ಚಿಕ್ಕ ತಂಡ 2020ರಲ್ಲಿ ನಮ್ಮ ಪುರಾಣಗಳನ್ನು ಆಧರಿಸಿ 'ರಾಜಿ' ಎಂಬ ಸಾಹಸದ ಆಟ ಹೊರತಂದಿತು. ಕುಲಗೋಡದ ಪಾರಿಜಾತ ಇನ್ನೂ ಯಾರ ತೆರೆಗಾಗಿಯೋ ಕಾಯುತ್ತಿದೆ. ಹೂವನ್ನು ರುಕ್ಮಿಣಿಗೆ ಕೊಡುವುದೇ, ಸತ್ಯಭಾಮೆಗೆ ಕೊಡುವುದೇ? ಇದಕ್ಕಿಂತ ಒಳ್ಳೆಯ ಕವಲು ಯಾವ ಆಟಕ್ಕೆ ಬೇಕು!

ಭಾಗವತನಿಗೆ ಮರಳಿ

ಗಣಕ ಐವತ್ತು ವರ್ಷಗಳಿಂದ ಬೆನ್ನಟ್ಟುತ್ತಿರುವುದು ಭಾಗವತನನ್ನೇ. ಮೊದಲು ಅದು ಅವನ ದಾಳವನ್ನು ಕಲಿತಿತು, ಆಮೇಲೆ ಅವನ ನಕ್ಷೆಯನ್ನು, ವೇಷಭೂಷಣವನ್ನು, ದನಿಯನ್ನು. ಆ ಕ್ಷಣಕ್ಕೆ ಹುಟ್ಟುವ ಮರುಮಾತು ಮಾತ್ರ ಕೈಗೆ ಸಿಗಲಿಲ್ಲ. ಸಿದ್ಧಪಡಿಸಿದ ಕವಲುಗಳಲ್ಲೇ ಅದು ತೃಪ್ತಿಪಡಬೇಕಾಯಿತು. 2019ರಲ್ಲಿ ಬಂದ 'ಎಐ ಡಂಜನ್' ಭಾಷಾ ಮಾದರಿಯೊಂದನ್ನು ಬಳಸಿ ಏನು ಕೇಳಿದರೂ ಉತ್ತರ ಕಟ್ಟಿತು. ಆದರೆ ತುಸು ಹೊತ್ತಿನ ಹಿಂದೆ ಸತ್ತವನು ಅದರಲ್ಲಿ ಎದ್ದು ಬರುವುದೂ ಇತ್ತು. ಹಿಂದಿನದನ್ನು ನೆನಪಿಡುವುದು ಅದಕ್ಕೆ ಕಷ್ಟ. ನೆನಪಿಟ್ಟೂ ಹೊಸದಾಗಿ ಮಾತಾಡುವುದು ಭಾಗವತನಿಗೆ ಸುಲಭ, ಯಂತ್ರಕ್ಕೆ ಇನ್ನೂ ಕಠಿಣ.

ಆದ್ದರಿಂದ ಕಾಕಾ ಮತ್ತು ಹುಡುಗನ ಜಗಳಕ್ಕೆ ತೀರ್ಪು ಹೀಗೆ. ಚಿತ್ರ, ದನಿ, ಅನುಕೂಲಗಳಲ್ಲಿ ಹೊಸದು ಮುಂದು, ಇದರಲ್ಲಿ ವಾದವಿಲ್ಲ. ಆಟಗಾರನಿಗೆ ಬಿಟ್ಟ ಕೆಲಸದಲ್ಲಿ ಹಳೆಯದು ಮುಂದು. ಆಯ್ಕೆಯ ಫಲದಲ್ಲಿ ಎರಡೂ ಕಾಲದಲ್ಲಿ ಒಳ್ಳೆಯವು ಕೆಲವೇ. ದಾಳದ ಪ್ರಾಮಾಣಿಕತೆಯಲ್ಲಿ ಮಾತ್ರ ಪ್ರತಿ ಆಟವನ್ನೂ ಬೇರೆ ಬೇರೆಯಾಗಿ ತೂಗಿ ನೋಡಬೇಕು.

ಈ ರಜೆಯಲ್ಲಿ ಒಂದು ಪ್ರಯೋಗ ಮಾಡಿ. ಚೌಕುಳಿ ಹಾಳೆಯ ಮೇಲೆ 20×20 ಮನೆಗಳ ಒಂದು ಗುಹೆ ಬರೆಯಿರಿ. ಬೇಕಾದರೆ ಅದನ್ನು ಗೋಕಾಕ ಜಲಪಾತದ ಹಿಂದಿನ ಗುಹೆಯೆಂದು ಕರೆಯಿರಿ. ನಾಲ್ಕು ಕವಡೆ ತನ್ನಿ. ಮನೆಯ ಹಿರಿಯರೊಬ್ಬರನ್ನು ಭಾಗವತನನ್ನಾಗಿ ಕೂರಿಸಿ. ಮಕ್ಕಳು ಒಬ್ಬೊಬ್ಬರು ಒಂದೊಂದು ಪಾತ್ರವಾಗಲಿ. ಮಾತು ಕನ್ನಡದಲ್ಲಿರಲಿ. ಹತ್ತು ನಿಮಿಷ ಆಡಿದ ಮೇಲೆ, ಎಷ್ಟು ಗಿಗಾಬೈಟ್ ಬೇಕಾಯಿತು ಎಂದು ಲೆಕ್ಕ ಹಾಕಿ.